ಬಳೆಗೆ ಸುತ್ತಿದ ಅರಿವೆ

"ಅಪ್ಪಾ, ಅರಿವಿ ಬಿಚ್ಚು."

ಸತ್ಯಭಾಮಾ ತನ್ನ ಗಂಡನಿಗೆ ಕಡೆಗೆ ಅಂದ ಮಾತು ಇದು. ಗಂಡನಿಗೆ ಅಪ್ಪಾ ಅಂದಳು. ಅದೂ ತನ್ನ ದನಿಯಲ್ಲಿ ಅಲ್ಲ… ಸಣ್ಣ ಹುಡುಗನ ದನಿಯಲ್ಲಿ.

ಗುರುಸಿದ್ದಪ್ಪನಿಗೆ ನಗು ಬಂತು. ಜ್ವರ ಇಳಿದಿರಬೇಕು, ಚೇಷ್ಟೆಗೆ ಹತ್ತಿದಾಳೆ ಅಂದುಕೊಂಡ. ಮುಂಜಾನೆ ಬಿಚ್ಚೋಣಂತ, ಮಲಗು ಅಂದ. ಮುಂಜಾನೆ ಆಕೆ ಏಳಲಿಲ್ಲ.

ಇದು ಕಟ್ಟಿದ ಕತೆ ಅಲ್ಲ. ನಾಗಪುರದ ಸದರ್‌ನಲ್ಲಿ, ನಮ್ಮ ಗೋಡೆಗೆ ಹತ್ತಿದ ಮನೆಯಲ್ಲಿ ಆದದ್ದು. ಐವತ್ತೇಳನೇ ಇಸವಿ. ದೀಪ ಸಣ್ಣ ಮಾಡಿ ಕೇಳ್ರಿ.

ಗುರುಸಿದ್ದಪ್ಪ ಗದಗಿನ ಕಡೆಯವ. ರೈಲ್ವೆ ಯಾರ್ಡಿನಲ್ಲಿ ಹಳಿ ಬದಲಿಸುವ ಕೆಲಸ. ಮಾತು ಕಡಿಮೆ. ಮಾತೆಲ್ಲ ಹೆಂಡತಿಯ ಪಾಲಿಗೆ ಬಂದಿತ್ತು. ಆದರೆ ಆಕೆ ಆಡಿದ್ದೆಲ್ಲ ಬೇರೆಯವರ ಮಾತು.

ಸಣ್ಣಾಕೆ ಇದ್ದಾಗಲೇ ಆಕೆ ನಾಟಕ ಕಂಪನಿ ಸೇರಿದ್ದಳು. ಮುಖದ ತುಂಬ ಸಿಡುಬಿನ ಕಲೆ. ಅದಕ್ಕೆ ರಂಗದ ಮೇಲೆ ಬಿಡಲಿಲ್ಲ. ಪರದೆ ಹಿಂದೆ ನಿಂತು ಮಾತು ಎತ್ತಿಕೊಡುವ ಕೆಲಸ. ಒಂದು ಆಟದಲ್ಲಿ ನಾಯಕಿಯ ಗಂಟಲು ಕಟ್ಟಿತು. ರಂಗದ ಮೇಲೆ ನಾಯಕಿ ಬರೀ ತುಟಿ ಆಡಿಸಿದಳು, ಪರದೆ ಹಿಂದಿನಿಂದ ಈ ಹುಡುಗಿ ಮಾತಾಡಿದಳು. ಮಂದಿ ಅತ್ತರು. ಯಾರ ದನಿಗೆ ಅತ್ತೆವು ಅಂತ ಅವರಿಗೆ ಗೊತ್ತಾಗಲೇ ಇಲ್ಲ.

ಮದುವೆ ಆಯಿತು. ಗಂಡನಿಗೆ ನಾಗಪುರಕ್ಕೆ ಬದಲಿ. ಮರಾಠಿಯನ್ನು ಆಕೆ ಕಾಯಿಪಲ್ಲೆ ಬಜಾರಿನಲ್ಲಿ ಕಲಿತಳು. ಇಲ್ಲಿ ರೇಡಿಯೋ ಸ್ಟೇಷನ್ ತೆರೆದ ಮೇಲೆ ಓಣಿಯ ಹೆಂಗಸರ ಜೊತೆ ಒಮ್ಮೆ ಭಜನೆ ಹಾಡಲು ಹೋಗಿದ್ದಳು. ಪಕ್ಕದ ಖೋಲಿಯಲ್ಲಿ ಮಕ್ಕಳ ನಾಟಕ. ಪಾರ್ಟು ಮಾಡಬೇಕಾದ ಹುಡುಗ ಮೈಕು ನೋಡಿ ಹೆದರಿ, ಅಳುತ್ತ ಓಡಿಹೋದ. ಅವನ ಮಾತನ್ನು ಯಾರೋ ಆಕೆಯ ಕಿವಿಯಲ್ಲಿ ಹೇಳಿಕೊಟ್ಟರು. ಆಕೆ ಅವನಾಗಿ ಆಡಿದಳು.

ಆ ಹುಡುಗನ ಪಾರ್ಟಿನ ಹೆಸರು ಬಬನ್. ಅಂದಿನಿಂದ ಸಾಯುವತನಕ ಆಕೆಯೇ ಬಬನ್. ಪ್ರತಿ ಗುರುವಾರ ಸಂಜೆ ಮುಂದೆ ರೇಡಿಯೋದಿಂದ ಓಣಿಓಣಿಯಲ್ಲಿ ಅವನ ನಗು ಕೇಳಿಸುವುದು. ಊರಿನ ಮಕ್ಕಳು ಬಬನ್ ನಿಜವಾಗಿ ಇದ್ದಾನೆ ಅಂತಲೇ ನಂಬಿದ್ದವು. ಸಂಕ್ರಾಂತಿಗೆ ಅವನ ಹೆಸರಿಗೆ ಎಳ್ಳುಂಡೆ ಬರುತ್ತಿದ್ದವು. ಒಮ್ಮೆ ಒಂದು ಕೂಸು ಅಜ್ಜನ ಕೈ ಹಿಡಿದು ನೋಡಲಿಕ್ಕೇ ಬಂತು. ಈ ಕಲೆ ಮುಖದ ಹೆಂಗಸನ್ನು ಕಂಡು ಕಿಟಾರನೆ ಚೀರಿತು. ಆಮೇಲೆ ಸತ್ಯಭಾಮಾ ಸ್ಟೇಷನ್ನಿನ ಹಿಂದಿನ ಬಾಗಿಲಿನಿಂದಲೇ ಹೋಗಿಬರುತ್ತಿದ್ದಳು.

ಇನ್ನು ಅರಿವೆಯ ಮಾತು. ಮೈಕಿನ ಮುಂದೆ ಬಳೆ ಸದ್ದು ಮಾಡಬಾರದು. ಬೇರೆ ಹೆಂಗಸರು ತೆಗೆದಿಡುತ್ತಿದ್ದರು. ಈಕೆ ಒಪ್ಪಲಿಲ್ಲ. ಗಂಡ ಇರುವಾಗ ಬರಿಗೈ ಆಗುವುದಿಲ್ಲ ಅಂದಳು. ಕೈ ಆಡಿಸದೆ ಆಕೆಗೆ ಮಾತೂ ಹೊರಡುವುದಿಲ್ಲ. ಅದಕ್ಕೆ ಹಳೆಯ ಇಳಕಲ್ ಸೀರೆಯ ಕೆಂಪು ಅಂಚು ಹರಿದು, ಎರಡೂ ಕೈಯ ಬಳೆಗಳಿಗೆ ಬಿಗಿಯಾಗಿ ಸುತ್ತುತ್ತಿದ್ದಳು.

ಸುತ್ತಿದರೆ ಬಬನ್. ಬಿಚ್ಚಿದರೆ ಸತ್ಯಭಾಮಾ.

ಗುರುವಾರ ಗಂಡ ಕರೆಯಲು ಹೋಗುತ್ತಿದ್ದ. ಬರುವಾಗ ಆಕೆ ದಾರಿಯುದ್ದಕ್ಕೂ ಬಬನ್ ಆಗಿಯೇ ಬರುವಳು. ರೇಡಿಯೋದಲ್ಲಿ ಬಬನ್‌ನದು ಮರಾಠಿ. ಈ ದಾರಿಯಲ್ಲಿ ಮಾತ್ರ ಕನ್ನಡ. ಅಪ್ಪಾ, ಕಾಲು ನೋಯ್ತಾವ. ಅಪ್ಪಾ, ಸಂತ್ರಿ ಹಣ್ಣು ಕೊಡಸು. ಅವರಿಗೆ ಮಕ್ಕಳಿರಲಿಲ್ಲ. ಆ ಕನ್ನಡದ ಬಬನ್ ಅವರಿಬ್ಬರಿಗೇ ಗೊತ್ತು.

ಅದೇ ದಾರಿಯಲ್ಲಿ ಚರ್ಚಿನ ಹಿಂದೆ ಆಲದ ಮರ. ಮರದ ಬುಡಕ್ಕೆ ಬಾವಿ. ಅಲ್ಲಿ ಕಟ್ಟೆ ಮೇಲೆ ಕೂತು ಎರಡೂ ಕೈ ಚಾಚುವಳು. ಅವನೇ ಬಿಚ್ಚಬೇಕು. ಕಡೆಯ ಸುತ್ತು ಬಿಚ್ಚಿತೋ, ಬಳೆ ಘಲ್ ಅನ್ನುವುದು. ಆಗ ತನ್ನ ದನಿಗೆ ಬರುವಳು. ಒಂದೆರಡು ಮಾತು, ಅಷ್ಟೇ. ಆಮೇಲೆ ಸುಮ್ಮನೆ. ಗಂಟಲು ಉಳಿಸಬೇಕಲ್ಲ.

ಕಡೆಯ ಗುರುವಾರ ಜ್ವರದಲ್ಲೇ ಪಾರ್ಟು ಮಾಡಿದಳು. ಗುರುಸಿದ್ದಪ್ಪ ಟಾಂಗಾದಲ್ಲಿ ಹಾಕಿಕೊಂಡು ಬಂದ. ಬಾವಿಯ ಹತ್ತಿರ ಇಳಿಯಲಿಲ್ಲ. ಅರಿವೆ ಹಾಗೇ ಉಳಿಯಿತು. ಆ ರಾತ್ರಿಯೇ ಹೋದಳು.

ಮೈ ತೊಳೆಯಲು ಓಣಿಯ ಹಿರಿಯಾಕೆ ಯಲ್ಲಮ್ಮ ಬಂದಳು. ಕೈ ಬಾತಿದ್ದವು. ಬಿಚ್ಚಿದರೆ ಒಳಗಿನ ಬಳೆ ಒಡೆದಾವು ಅಂದಳು. ಮುತ್ತೈದೆಯಾಗಿ ಹೊರಟವಳ ಬಳೆ ಗಂಡನ ಮನೆಯಲ್ಲಿ ಒಡೆಯಬಾರದು, ಹಾಗೇ ಕಳಿಸಿರಿ ಅಂದಳು. ಗುರುಸಿದ್ದಪ್ಪ ಹೂಂ ಅಂದ. ಅರಿವೆ ಸಮೇತ ಕುಣಿಯಲ್ಲಿ ಕೂಡಿಸಿ ಮಣ್ಣು ಕೊಟ್ಟೆವು. ನಾನೂ ಒಂದು ಹಿಡಿ ಹಾಕಿದ್ದೇನೆ. ಕರೀ ಎರೆಮಣ್ಣು.

ಆಮೇಲೆ ಶುರುವಾಯಿತು ಅವನ ಸಂಕಟ. ಹೆಂಡತಿಯ ದನಿ ನೆನಪಾಗವಲ್ಲದು… ಕಣ್ಣು ಮುಚ್ಚಿದರೆ ಬಬನ್ ಬರುತ್ತಾನೆ. ಆಕೆ ಆಡಿದ ಮುದುಕಿ ಪಾರ್ಟು ಬರುತ್ತದೆ, ಗಿಣಿ ಪಾರ್ಟು ಬರುತ್ತದೆ. ಆಕೆ ಬರುವುದಿಲ್ಲ. ಅನ್ನ ಸೇರದಾಯಿತು. ಒಂದು ದಿನ ರೇಡಿಯೋ ಸ್ಟೇಷನ್ನಿಗೆ ಹೋಗಿ ನಮ್ಮ ಕಡೆಯವನೇ ಆದ, ನಾಟಕ ಮಾಡಿಸುವ ನರಹರಿಯನ್ನು ಕಂಡ. ಆಕೆಯ ದನಿ ಎಲ್ಲಾದರೂ ಹಿಡಿದಿಟ್ಟೀರೇನು ಅಂತ ಕೇಳಿದ. ಇಲ್ಲ ಅಂದ ನರಹರಿ. ಆಡಿದ್ದು ಆಡಿದ ಹಾಗೆ ಗಾಳಿಗೆ ಹೋಗುತ್ತಿತ್ತು. ಆಮೇಲೆ ಅವನೇ ಅಂದ:

"ಹಿಡದಿಟ್ಟಿದ್ರೂ ಅದು ಬಬನ್ ದನಿ ಆಗತಿತ್ತು, ಗುರುಸಿದ್ದಪ್ಪ. ಆಕೀ ದನಿ ನಾವ್ಯಾರೂ ಕೇಳೇ ಇಲ್ಲ."

ಓಣಿಯಲ್ಲಿ ನಮ್ಮ ಜೊತೆ ಕೂಡ ಆಕೆ ಯಾವುದೋ ಪಾರ್ಟಿನ ದನಿಯಲ್ಲೇ ಮಾತಾಡುತ್ತಿದ್ದಳು. ಕೇಳಿದವ ಇವನೊಬ್ಬನೇ. ಇವನಿಗೇ ನೆನಪಿಲ್ಲ.

ಆದರೂ ಗುರುವಾರ ತಪ್ಪಲಿಲ್ಲ. ಹೋಗುವುದು, ಹಿಂದಿನ ಬಾಗಿಲಿಗೆ ನಿಲ್ಲುವುದು, ದೀಪ ಆರಿದ ಮೇಲೆ ಒಬ್ಬನೇ ಬರುವುದು. ಹೋಳಿ ಆದ ಮೇಲಿನ ಗುರುವಾರ ಹಾಗೇ ಬರುತ್ತಿದ್ದ. ಬೀದಿ ದೀಪ ಚರ್ಚಿಗೇ ಮುಗಿಯುತ್ತದೆ. ಮುಂದೆ ಕತ್ತಲು. ದೂರ ಯಾರ್ಡಿನಲ್ಲಿ ರೈಲಿನ ಡಬ್ಬಿಗಳು ಒಂದಕ್ಕೊಂದು ಹಾಯುತ್ತಿದ್ದವು… ಧಡ್… ಧಡ್… ಧಡ್. ಬೂಟಿನ ಕೆಳಗೆ ಒಣಗಿದ ಆಲದೆಲೆ ಚರ್ ಅಂತಿತ್ತು.

ಅವನು ನಿಂತ.

ಎಲೆ ಮತ್ತೊಮ್ಮೆ ಚರ್ ಅಂದಿತು.

ಗಾಳಿ ಇರಲಿಲ್ಲ. ಬಾವಿಯ ರಾಟೆ ಕಿರ್… ಅಂದು ಸುಮ್ಮನಾಯಿತು. ಹೆಂಗಸು ಇದ್ದರೆ ಬಳೆ ಕೇಳಬೇಕು. ಬಳೆ ಇಲ್ಲ. ಕಟ್ಟೆಯ ಮೇಲೆ ಕಲ್ಲಿಗೆ ಬಟ್ಟೆ ಸವರಿದ ಹಾಗೆ, ಸರ್… ಸರ್…

"ಅಪ್ಪಾ…"

ಪಿಸುದನಿ. ಕನ್ನಡ.

"ಯಾರು?"

"ಬಬನ್. ಅರಿವಿ ಬಿಚ್ಚು."

ಗುರುಸಿದ್ದಪ್ಪ ಓಡಿದ. ನಡುವಯಸ್ಸಿನ ಗಂಡಸು, ರಾತ್ರಿ ಪಾಳಿಯಲ್ಲಿ ಎಂಜಿನ್ನಿನ ಕೆಳಗೆ ನುಸುಳುವವ… ಒಂದು ಬೂಟು ಅಲ್ಲೇ ಬಿಟ್ಟು ಓಡಿದ.

ಮರುದಿನ ಬೆಳಕಿನಲ್ಲಿ ಹೋಗಿ ಬೂಟು ತಂದುಕೊಂಡು, ಯಲ್ಲಮ್ಮನ ಮುಂದೆ ಹೇಳಿದ. ನಾನೂ ಅಲ್ಲೇ ಕೂತಿದ್ದೆ. ಆಕೆ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಆ ಬಾವಿ ಹಳೇದು, ಅದರಲ್ಲಿ ಏನೇನಿದೆಯೋ ಅಂದಳು.

"ದನಿ ಉಟಗೊಂಡು ಬರೋವು ಇರ್ತಾವ, ತಮ್ಮಾ. ಸೀರಿ ಉಟ್ಟಂಗ. ಮುಟ್ಟಿದಿ ಅಂದ್ರ ನೀನೂ ಹೋದಿ."

"ಆಕೀನ ಇದ್ರ?"

"ಆಕಿ ದನಿ ನೆನಪಿಲ್ಲ ಅಂತಿ. ಮತ್ತ ಗುರ್ತು ಹೆಂಗ ಹಿಡೀತಿ?"

ಗುರುಸಿದ್ದಪ್ಪ ಎದ್ದು ಹೋದ.

ಮುಂದಿನ ಗುರುವಾರ ಸುತ್ತುದಾರಿ ಹಿಡಿದು ಬಂದ. ಅಂದು ರಾತ್ರಿ ಗೋಡೆಯ ಆಚೆ ಅವನು ಎದ್ದು ಕೂತದ್ದು ನನಗೆ ಕೇಳಿಸುತ್ತಿತ್ತು. ನಿದ್ದೆ ಇಲ್ಲ. ಬಬನ್ ಅಲ್ಲಿ ಕಟ್ಟೆಯ ಮೇಲೆ ಕೂತಿರಬಹುದು. ಕತ್ತಲಲ್ಲಿ ಕೈ ಚಾಚಿಕೊಂಡು. ಮುಂಜಾನೆ ಬಿಚ್ಚೋಣಂತ ಅಂದಿದ್ದ. ಎಷ್ಟು ಮುಂಜಾನೆ ಆದವು…

ಅದರ ಮುಂದಿನ ಗುರುವಾರ ಬಾವಿಯ ದಾರಿಯಲ್ಲೇ ಬಂದ. ಬೂಟು ಕಳಚಿ ಕೈಯಲ್ಲಿ ಹಿಡಿದಿದ್ದ. ಕಟ್ಟೆಯ ಹತ್ತಿರ ನಿಂತ. ಬಹಳ ಹೊತ್ತು ಏನೂ ಇಲ್ಲ. ಯಾರ್ಡೂ ಸುಮ್ಮನಿತ್ತು. ನೀರಿಗೆ ಏನೋ ಸಣ್ಣದು ಬಿತ್ತು… ತುಳುಕ್.

"ಬಬನ್?"

"ಹೂಂ." ದನಿ ಸೋತಿತ್ತು. ಬಾವಿಯ ಒಳಗಿನಿಂದಲೋ, ಕಿವಿಯ ಪಕ್ಕದಿಂದಲೋ ತಿಳಿಯಲಿಲ್ಲ. "ಹೋದ ವಾರ ಬರಲಿಲ್ಲ ನೀನು."

"ಅಂಜಿದ್ನೋ."

"ನಾನೂ."

ಗುರುಸಿದ್ದಪ್ಪ ಬೂಟು ಕೆಳಗಿಟ್ಟ. ಕತ್ತಲಲ್ಲಿ ಕೈ ಮುಂದೆ ಮಾಡಿದ.

ಏನೋ ಸಿಕ್ಕಿತು. ಅರಿವೆ. ಹಸಿ ಮಣ್ಣು ಮೆತ್ತಿದ ಅರಿವೆ. ಒಳಗೆ ಕೈ… ಹೆಂಗಸಿನ ಕೈ ಅಲ್ಲ ಅದು. ಎರಡು ಬೆರಳಲ್ಲಿ ಹಿಡಿಯುವಷ್ಟು ಸಣ್ಣದು. ಕೂಸಿನ ಮಣಿಕಟ್ಟು. ತಣ್ಣಗೆ.

ಯಲ್ಲಮ್ಮನ ಮಾತು ನೆನಪಾಯಿತು. ಬಿಡಲಿಲ್ಲ. ಗಂಟು ಹುಡುಕಿದ. ಆಕೆ ಹಾಕುವ ಗಂಟು ಒಳಗೆ ಹೆಬ್ಬೆರಳಿನ ಕಡೆಗೆ ಇರುತ್ತಿತ್ತು. ಅಲ್ಲೇ ಇತ್ತು. ಉಗುರಿನಿಂದ ಎಬ್ಬಿಸಿದ. ಸುತ್ತು ಸುತ್ತಾಗಿ ಬಿಚ್ಚಿದ. ಮಣ್ಣು ಉದುರಿತು, ಪುರ್… ಪುರ್… ಒಂದು ಕೈ ಆಯಿತು. ಇನ್ನೊಂದು ಕೈ ತಾನಾಗಿ ಮುಂದೆ ಬಂತು.

ಕಡೆಯ ಸುತ್ತು ಬಿಚ್ಚಿದಾಗ ಅವನ ಹಿಡಿಯೊಳಗಿನ ಕೈ ತುಂಬಿಕೊಂಡಿತು. ದೊಡ್ಡದಾಯಿತು.

ಘಲ್.

"ನಡೀರಿ ಜಲ್ದಿ. ಹಾಲು ಕಾಸಿಲ್ಲ."

ಹೌದು… ಇದೇ. ಸ್ವಲ್ಪ ಒಡಕು. ಮಾತಿನ ಕಡೆಗೆ ಇಳಿಯುವುದು. ಇದೇ ಆಕೆಯ ದನಿ. ಹೇಗೆ ಮರೆತಿದ್ದೆ ಅಂತ ಅವನಿಗೆ ತಿಳಿಯಲಿಲ್ಲ. ಮತ್ತೊಂದು ಮಾತು ಆಡಲಿ ಅಂತ ಕಾದ. ಆಡಲಿಲ್ಲ. ಆಕೆ ಯಾವತ್ತೂ ಅಷ್ಟೇ ಅಲ್ಲವೇ.

ಮನೆಯ ಕಡೆ ನಡೆದ. ಹಿಂದೆ ಘಲ್… ಘಲ್… ಅಂತ ಬರುತ್ತಿತ್ತು. ತಿರುಗಿ ನೋಡಲಿಲ್ಲ. ನಮ್ಮ ಓಣಿಯ ಮೂಲೆಗೆ ಬಂದಾಗ ನನಗೂ ಕೇಳಿಸಿತು. ನಾನು ಹೊರಗೆ ಹೊರಸಿನ ಮೇಲೆ ಮಲಗಿದ್ದೆ. ಎಚ್ಚರ ಇದ್ದೆ. ಬಂದವ ಅವನೊಬ್ಬನೇ. ಅವನು ಹೊಸ್ತಿಲು ದಾಟಿದ, ಬಳೆ ನಿಂತಿತು.

ಮುಂಜಾನೆ ಗುರುಸಿದ್ದಪ್ಪ ಬಚ್ಚಲಿನ ಮುಂದೆ ಕೂತು ಎರಡು ಅರಿವೆ ಒಗೆದ. ಇಳಕಲ್ ಸೀರೆಯ ಕೆಂಪು ಅಂಚು. ಮೊದಲ ನೀರು ಕಪ್ಪಗೆ ಹೋಯಿತು. ಎರಡನೆಯದೂ ಕಪ್ಪಗೆ ಹೋಯಿತು. ಯಲ್ಲಮ್ಮ ಕಸ ಗುಡಿಸುತ್ತ ಬಂದವಳು ಅದನ್ನು ಕಂಡು, ಕಸಬರಿಗೆ ಅಲ್ಲೇ ಬಿಟ್ಟು ಒಳಗೆ ಹೋದಳು. ಆಮೇಲೆ ನಾವು ನಾಲ್ಕು ಮಂದಿ ಹೋಗಿ ಆಕೆಯ ಗೋರಿ ನೋಡಿ ಬಂದೆವು. ಮಣ್ಣು ಕೆದರಿರಲಿಲ್ಲ. ಮೇಲೆ ಗರಿಕೆ ಹಬ್ಬಿತ್ತು.

ನಂಬದಿದ್ದರೆ ಬಿಡ್ರಿ. ಅರಿವೆ ಒಣಹಾಕಿದ ಹಗ್ಗದ ಒಂದು ತುದಿ ನಮ್ಮ ಗೋಡೆಯ ಮೊಳೆಗಿತ್ತು. ನೀರು ತೊಟ್ಟಿಕ್ಕುವುದನ್ನು ಇದೇ ಕಣ್ಣಿಂದ ಕಂಡಿದ್ದೇನೆ.

ಅವನು ನಮ್ಮ ಜೊತೆ ಬರಲಿಲ್ಲ. ಅರಿವೆ ಹಿಂಡಿ ಹಗ್ಗಕ್ಕೆ ಹಾಕಿ, ಒಳಗೆ ಹೋಗಿ, ಒಲೆ ಹೊತ್ತಿಸಿ ಹಾಲು ಕಾಸಿದ.