ಅನಂತ ಲೋಕದ ಮುಯ್ಯಾಳು

ಉರ್ಕೋಸ್ ಪಟ್ಟಣದ ಸಂತೆ ಮುಗಿದು, ಬೆಟ್ಟದ ಮೇಲಿನ ಊರಿನವರು ಬಸ್ಸಿಗೆ ಸಾಲುಗಟ್ಟಿ ನಿಂತಿದ್ದರು. ಬ್ರೆಡ್ಡು ಮಾರುವ ಎಲೂತೇರಿಯಾ ಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದಾಗ, ಮುದುಕಿ ಸತುರ್ನೀನಾ ತನ್ನ ತಮ್ಮನ ಮಗ ವಿಲ್ಬೆರನನ್ನು ತರಾಟೆಗೆ ತೆಗೆದುಕೊಳ್ಳುವುದು ಕೇಳಿಸಿತು. ಅವನು ಕುಸ್ಕೋ ನಗರದಲ್ಲಿ ತತ್ತ್ವಶಾಸ್ತ್ರ ಓದಿ ಊರಿಗೆ ಮರಳಿದ್ದ.

“ಮಳೆ ಬಿದ್ದಿದೆ, ಆಲೂಗಡ್ಡೆ ಬಿತ್ತದಿದ್ರೆ ವರ್ಷವಿಡೀ ಉಪವಾಸ. ಹೋದ ಸಲ ನಿನ್ನ ಹೊಲಕ್ಕೆ ನಾನು ಮುಯ್ಯಾಳಾಗಿ ಬಂದಿದ್ನಲ್ಲ, ಈಗ ನೀನ್ಯಾಕೆ ಬರಲ್ಲ?”

“ಅತ್ತೆ, ಈ ವಿಶ್ವಕ್ಕೆ ಆದಿ ಇಲ್ಲ, ಅಂತ್ಯ ಇಲ್ಲ. ಸರಿ ತಪ್ಪು ಅನ್ನೋದೆಲ್ಲ ಅವರವರು ನಿಂತ ಜಾಗದಿಂದ ಕಂಡ ಹಾಗೆ.”

“ನಾನು ನಿನ್ನ ಹೊಲದಲ್ಲಿ ಸೊಂಟ ಬಗ್ಗಿಸಿದ್ದಾಗ ನೀನು ಯಾವ ಜಾಗದಲ್ಲಿ ನಿಂತಿದ್ದಪ್ಪಾ? ನೆರಳಲ್ಲಿ ತಾನೆ?”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ಮುಯ್ಯಿ ತೀರಿಸಲೇಬೇಕು ಅನ್ನೋದು ಬರೀ ನಮ್ಮ ಬೆಟ್ಟದ ನ್ಯಾಯ. ಬೇರೆ ಕಡೆ ಬೇರೆ ನ್ಯಾಯ ಇರುತ್ತೆ.”

“ಹಂಗಾದ್ರೆ ಬರೋ ತಿಂಗಳು ನಿನ್ನ ಹೊಸ ಮನೆಗೆ ಹುಲ್ಲು ಹೊದಿಸೋಕೆ ಆ ಬೇರೆ ಕಡೆಯವರನ್ನೇ ಕರಿ ಮಗಾ. ನಾವು ಬೆಟ್ಟದೋರು, ಅಷ್ಟು ದೂರದ ನ್ಯಾಯ ನಮಗೆ ಕಾಣಲ್ಲ.”

ಈ ಸಲ ಯಾರೂ ನಗಲಿಲ್ಲ. ವಿಲ್ಬೆರ ಸಾಲಿನ ಉದ್ದಕ್ಕೂ ಕಣ್ಣಾಡಿಸಿದ್ದನ್ನು ಎಲೂತೇರಿಯಾ ನೋಡಿದಳು. ಅಲ್ಲಿದ್ದವರೆಲ್ಲ ಅವನ ಊರಿನವರೇ. ಅಷ್ಟರಲ್ಲಿ ಬಸ್ಸು ಬಂತು.

“ಅತ್ತೆ... ಕಾಲಲ್ಲಿ ತುಳಿಯೋ ನೇಗಿಲು ನಿಮ್ಮನೇಲಿದ್ಯಾ, ನಾನೇ ತರಬೇಕಾ?”

“ಕೊನೇನೇ ಇಲ್ಲದಷ್ಟು ದೊಡ್ಡ ಲೋಕದಲ್ಲಿ ನಿನಗೊಂದು ನೇಗಿಲು ಸಿಗದೆ ಹೋಗುತ್ತಾ? ಹತ್ತು, ಹತ್ತು, ಹಿಂದಿನೋರಿಗೆ ದಾರಿ ಬಿಡು.”