ಮೇಷ್ಟ್ರು ಓದದೆ ಹಾಕಿದ ರುಜು

ಒಂದೂರಲ್ಲಿ ಒಬ್ಬರು ಮೇಷ್ಟ್ರಿದ್ದರು. ಯಾವಾಗಲೂ ನಾನು ಹೇಳೋ ಶ್ರೀಮಂತನ ಕಥೆ ಅಂತ ಈ ವೇದಿಕೆ ಮುಂದೆ ಕಾದು ಕೂತವರು ಕ್ಷಮಿಸಬೇಕು, ಇವತ್ತು ಮೇಷ್ಟ್ರದು. ಕೆಟ್ಟವರಲ್ಲ ನೋಡಿ. ಒಂದು ದಿನ ಶಾಲೆ ತಪ್ಪಿಸಿದವರಲ್ಲ, ಒಂದು ಮಗುವಿನ ಮೇಲೆ ಕೈ ಎತ್ತಿದವರಲ್ಲ. ಅವರದೊಂದು ಪದ್ಧತಿ ಇತ್ತು. ಪರೀಕ್ಷೆ ಆದಮೇಲೆ ಜಾಣರನ್ನ ಮುಂದೆ, ದಡ್ಡರನ್ನ ಹಿಂದೆ ಕೂರಿಸೋರು. ಹಿಂದೆ ಕೂತವರು ನಾಚಿಕೊಂಡಾದರೂ ಓದ್ತಾರೆ ಅಂತ.

ಆ ಶಾಲೇಲಿ ಒಬ್ಬಳು ಹುಡುಗಿ. ಒಂದನೇ ಕ್ಲಾಸಲ್ಲಿ ನಡುವಿನ ಸಾಲು, ಎರಡರಲ್ಲಿ ಅದರ ಹಿಂದೆ, ನಾಲ್ಕಕ್ಕೆ ಬರೋ ಹೊತ್ತಿಗೆ ಬೆನ್ನಿಗೆ ಗೋಡೆ. ಶಾಲೆ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಮೇಷ್ಟ್ರು ಮೂರು ವರ್ಷವೂ ಬರೆದದ್ದು ಒಂದೇ ಮಾತು: ‘ಪಾಠದ ಕಡೆ ಗಮನವಿಲ್ಲ.’

ಶಾಲೆಗೆ ಅಂಟಿಕೊಂಡೇ ಆಸ್ಪತ್ರೆ. ವರ್ಷಕ್ಕೊಂದು ಸಲ ನರ್ಸಮ್ಮ ಬಂದು ಮಕ್ಕಳ ಕಣ್ಣು, ಕಿವಿ, ಹಲ್ಲು ನೋಡಿ ತಮ್ಮ ಪುಸ್ತಕದಲ್ಲಿ ಬರ್ಕೊಂಡು, ಕೆಳಗೆ ಮೇಷ್ಟ್ರ ರುಜು ಹಾಕಿಸ್ಕೊಂಡು ಹೋಗೋರು. ಶಾಲೆ ಪುಸ್ತಕ ಶಾಲೆ ಬೀರುವಿನಲ್ಲಿ, ಆಸ್ಪತ್ರೆ ಪುಸ್ತಕ ಆಸ್ಪತ್ರೆ ಬೀರುವಿನಲ್ಲಿ. ನಡುವೆ ಒಂದು ಗೋಡೆ. ದೀಪದ ಬುಡದಲ್ಲೇ ಕತ್ತಲೆ ಅಂತೀವಲ್ಲ, ಹಾಗೆ.

ಅವಳು ನಾಲ್ಕರಲ್ಲಿದ್ದ ವರ್ಷ ಹೊಸ ನರ್ಸಮ್ಮ ಬಂದರು. ಹಳೇ ಪುಸ್ತಕ ತೆಗೆದು ಓದೋ ಕೆಟ್ಟ ಚಾಳಿ ಆಕೆಗೆ. ಅದನ್ನ ಕಂಕುಳಲ್ಲಿಟ್ಕೊಂಡು ಶಾಲೆಗೇ ಬಂದು, ಆ ಹುಡುಗಿ ಹೆಸರಿದ್ದ ಪುಟ ತೆಗೆದು ಮೇಷ್ಟ್ರ ಮುಂದೆ ಹಿಡಿದರು.

“ಸಾರ್, ಈ ಮಗೂನ ಯಾವ ಸಾಲಲ್ಲಿ ಕೂರ್ಸಿದೀರಿ?”

ಮೇಷ್ಟ್ರು ಓದಿದರು. ‘ಎರಡೂ ಕಿವಿ ಮಂದ. ಮುಂದಿನ ಸಾಲಿನಲ್ಲಿ ಕೂರಿಸಿ. ದೊಡ್ಡಾಸ್ಪತ್ರೆಗೆ ಕಳಿಸಿ.’ ಒಂದು ಸಲ ಅಲ್ಲ, ಮೂರು ವರ್ಷ, ಮೂರು ಸಲ. ಮೂರರ ಕೆಳಗೂ ಅವರದೇ ರುಜು. ನರ್ಸಮ್ಮ ಒಂದು ಮಾತೂ ಬೈಯಲಿಲ್ಲ. ಆದರೂ ಮೇಷ್ಟ್ರಿಗೆ ಆಕೆಯ ಮುಖ ನೋಡೋಕಾಗಲಿಲ್ಲ.

ಹಿಂದಿನ ಸಾಲಿಗೆ ಹೋಗಿ, ಆ ಹುಡುಗಿ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕಿವಿ ಹತ್ತಿರ ಗಟ್ಟಿಯಾಗಿ ಕೇಳಿದರು. “ಕೇಳ್ಸಲ್ಲ ಅಂತ ಯಾಕಮ್ಮ ಹೇಳ್ಲಿಲ್ಲ?”

“ಎಲ್ರಿಗೂ ಇಷ್ಟೇ ಕೇಳ್ಸೋದು ಅಂದ್ಕೊಂಡಿದ್ದೆ ಸಾರ್. ಅವರು ಜಾಣರಲ್ವಾ, ಅದಕ್ಕೆ ಅರ್ಥ ಆಗುತ್ತೆ. ನಾನು ದಡ್ಡಿ.”

ಆ ಮಾತು ಅವಳಿಗೆ ಕಲಿಸಿದವರು ಯಾರು? ಮೂರು ವರ್ಷದಲ್ಲಿ ಅವಳಿಗೆ ಸರಿಯಾಗಿ ಕೇಳಿಸಿದ ಪಾಠ ಅದೊಂದೇ. ಮೇಷ್ಟ್ರು ಅವಳ ಚೀಲ ತಾವೇ ಎತ್ಕೊಂಡು ಮುಂದಿನ ಸಾಲಿಗೆ ತಂದಿಟ್ಟರು.

ಮೇಷ್ಟ್ರನ್ನ ಮನಸ್ಸಿನಲ್ಲೇ ಬೈತಿದ್ದೀರಿ ಅಲ್ವಾ? ಬೈಯಿರಿ. ಆದರೆ ನಿಮ್ಮ ಮನೇಲಿ ಮಗುವಿನ ಆಸ್ಪತ್ರೆ ಚೀಟಿ ಎಲ್ಲಿದೆ? ಅಕ್ಕಿ ಡಬ್ಬದ ಕೆಳಗೆ. ಮಾರ್ಕ್ಸ್ ಕಾರ್ಡು? ಟ್ರಂಕಿನಲ್ಲಿ. ಅದಕ್ಕೆ ರುಜು ಹಾಕಿದ್ರಲ್ಲ, ಓದಿದ್ರಾ? ನಮ್ಮಣ್ಣನ ಮಗನ ಕಾರ್ಡಿಗೆ ನಾನೂ ಓದದೆ ಹಾಕಿದ್ದೀನಿ. ವೇದಿಕೆ ಮೇಲೆ ಇಷ್ಟೆತ್ತರದಲ್ಲಿ ಕೂತು ಅದನ್ನ ಹೇಳೋಕೆ ನಾಚಿಕೆಯಾಗುತ್ತೆ.

ನಾಳೆ ಬೆಳಿಗ್ಗೆ ಎರಡನ್ನೂ ಹುಡುಕಿ, ಪಕ್ಕಪಕ್ಕ ಇಟ್ಟು ಓದಿ. ಓದು ಬರದಿದ್ದರೆ ಓದಿಸಿ. ಒಂದೇ ಚೀಲಕ್ಕೆ ಹಾಕಿ ಮೇಷ್ಟ್ರಿಗೆ ತೋರಿಸಿ, ನರ್ಸಮ್ಮನಿಗೆ ತೋರಿಸಿ. ಅವರಿಬ್ಬರಿಗೆ ಸಾಕು, ಜಗಲಿ ಮೇಲೆ ಕೂತು ಊರಿಗೆಲ್ಲ ಸಾರಬೇಡಿ. ಮಗುವನ್ನ ದಡ್ಡ ಅನ್ನೋಕೆ ಮುಂಚೆ ಅದರ ಪಕ್ಕ ಕೂತು ಒಂದು ಮಾತು ಕೇಳಿ: ನಿನಗೆ ಕೇಳಿಸ್ತಾ ಇದೆಯಾ ಕಂದಾ?