ನನ್ನ ಐದು ಮೂಲೆ ಬಿಲ್ಲೆಗಳು

ನೋಡ್ದೇನೇ ಸೂಪರ್ ಅಂದ್ಬುಟ್ಟನಲ್ಲ ನಿಮ್ಮಪ್ಪ, ನಿನ್ನ ಚಿತ್ರದ ಕಡೆ ತಿರುಗೂ ನೋಡ್ಲಿಲ್ಲ, ಆ ಥರ ಮಾತು ಕೇಳಿದ್ರೆ ನಂಗೆ ಈಗ್ಲೂ ಮೈ ಉರಿಯುತ್ತೆ ಕಣೆ. ನನ್ನ ಲೆಕ್ಕಕ್ಕೂ ಎಲ್ಲರೂ ಹಂಗೇ ಅನ್ನೋರು. ತೊಂಬತ್ತರ ಕಾಲ, ಮಂಡಿ ಮೊಹಲ್ಲಾದಲ್ಲಿ ಒಣಮೆಣಸಿನಕಾಯಿ ಮಂಡಿ ಮೇಲುಗಡೆ ಒಂದು ಟ್ಯುಟೋರಿಯಲ್ಲು, ಅಲ್ಲಿ ನಾನು ಗಣಿತದ ಮೇಡಂ. ಕೆಳಗೆ ಮೂಟೆ ಬಿಚ್ಚಿದ್ರೆ ಮೇಲೆ ಇಡೀ ಕ್ಲಾಸು ಸೀನೋದು, ನಾನೂ ಸೀನ್ಕೊಂಡೇ ತ್ರಿಕೋನ ಬರೆಯೋದು. ಸಂಬಳ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ಆದ್ರೆ ತಲೇಲಿ ಒಂದೇ ಹುಚ್ಚು. ಏನು ಗೊತ್ತಾ, ಬಚ್ಚಲಿಗೆ ಟೈಲ್ಸ್ ಹಾಕ್ತಾರಲ್ಲ, ಆ ಬಿಲ್ಲೆ ನಾಲ್ಕು ಮೂಲೇದಾದ್ರೆ ಸಂದಿ ಇಲ್ದಂಗೆ ಕೂರುತ್ತೆ, ಆರು ಮೂಲೇದೂ ಕೂರುತ್ತೆ, ಜೇನುಗೂಡು ನೋಡಿದ್ದೀಯಲ್ಲ. ಐದು ಮೂಲೇದು ಮಾತ್ರ ಮಹಾ ತರಲೆ. ಕೆಲವು ಆಕಾರ ಕೂರುತ್ತೆ, ಕೆಲವು ಜಪ್ಪಯ್ಯ ಅಂದ್ರೂ ಕೂರಲ್ಲ. ಅಂಥ ಒಂದು ಆಕಾರ ಯಾವತ್ತೂ ನೆಲ ತುಂಬೋಕೆ ಸಾಧ್ಯನೇ ಇಲ್ಲ ಅಂತ ನಾನು ಸಾಧಿಸಿದ್ದೆ. ಸಾಧಿಸಿದ್ದೀನಿ ಅಂದ್ಕೊಂಡಿದ್ದೆ, ಅನ್ನು. ಹಳೇ ಲಗ್ನಪತ್ರಿಕೆ ಕತ್ತರಿಸಿ ಬಿಲ್ಲೆ ಮಾಡಿ ಬ್ಯಾಗಲ್ಲೇ ಇಟ್ಕೊಂಡು ತಿರುಗ್ತಿದ್ದೆ. ಯಾರಿಗೆ ತೋರ್ಸಿದ್ರೂ, "ಚೆನ್ನಾಗಿದೆ ಮೇಡಂ, ಮುಂದುವರ್ಸಿ." ನಿಮ್ ತಾತ, ಪಾಪ ಒಳ್ಳೇವ್ರು, "ಭಾರಿ ಚೆನ್ನಾಗಿದೆ ಕಣೆ, ಸಾರಿಗೆ ಒಗ್ಗರಣೆ ಆಯ್ತಾ?" ಗಣಿತದ ಪತ್ರಿಕೆಗಳಿಗೆ ಕಳ್ಸಿದ್ರೆ ಸುದ್ದೀನೇ ಇಲ್ಲ. ಸರಿ ಅಂತ್ಲೂ ಇಲ್ಲ, ತಪ್ಪು ಅಂತ್ಲೂ ಇಲ್ಲ. ನಾನು ಮಾಡ್ತಿರೋದು ಗಣಿತವೋ ಇಲ್ಲಾ ಬರೀ ಹುಚ್ಚೋ ಅಂತ ನಂಗೇ ಅನುಮಾನ ಬಂದ್ಬುಡ್ತು.

ಅಷ್ಟರಲ್ಲಿ ಕಲ್ಕತ್ತಾದಿಂದ ವಯಸ್ಸಾದ ಗಣಿತಜ್ಞರೊಬ್ರು ಬಂದು ಒಂದು ಕಾಲೇಜಲ್ಲಿ ಭಾಷಣ ಮಾಡ್ತಾರೆ ಅಂತ ಗೊತ್ತಾಯ್ತು, ಬಿಲ್ಲೆ ಜೋಡಣೆ ಬಗ್ಗೇನೇ. ಹೋದೆ, ಹೋದೆ ಏನು, ಓಡ್ದೆ. ಅವ್ರು ಗೋಡೆ ಮೇಲೆ ಚಿತ್ರ ಬಿಟ್ಟು ತೋರಿಸ್ತಿದ್ರು, ಸರಿಯಾಗಿ ನನ್ನ ಆಕಾರ ಬಂತು, "ಇದರ ವಿಷ್ಯ ಇನ್ನೂ ಯಾರಿಗೂ ಗೊತ್ತಿಲ್ಲ" ಅಂದ್ರು, ಕರೆಂಟ್ ಹೋಯ್ತು. ಆಗ ದಿನಾ ಹೋಗೋದು ಬುಡು, ಯಾರೋ ಕಿಟಕಿ ತೆಗೆದ್ರು. ನನ್ನ ಕಾಲು ನನ್ನ ಮಾತು ಕೇಳ್ಲಿಲ್ಲ ಕಣೆ, ಎದ್ದು ಹೋಗಿ ಸೀಮೆಸುಣ್ಣ ತಗೊಂಡೆ. ಅಧ್ಯಕ್ಷರು, "ಅಮ್ಮಾ, ಪ್ರಶ್ನೆಗಳು ಆಮೇಲೆ." ನಾನು, "ಪ್ರಶ್ನೆ ಅಲ್ಲ ಸಾರ್, ಉತ್ತರ." ಕಲ್ಕತ್ತಾದವ್ರು ನಕ್ಕು, "ಹೆಂಗೂ ಕರೆಂಟಿಲ್ಲ, ಬರೀಲಿ ಬಿಡಿ" ಅಂದ್ರು. ಬರೆದೆ, ಬರೆದೆ, ಬೋರ್ಡು ತುಂಬಾ ಬರೆದೆ, ಬ್ಯಾಗಿಂದ ಬಿಲ್ಲೆ ತೆಗೆದು ಮೇಜಿನ ಮೇಲೆ ಜೋಡಿಸ್ದೆ. ಹಿಂದಿನಿಂದ ಯಾರೋ, "ಚೆನ್ನಾಗಿದೆ ಮೇಡಂ." ಆ ಮುದುಕರು ಮಾತ್ರ ಹಂಗನ್ಲಿಲ್ಲ. ಬಗ್ಗಿ ನೋಡಿದ್ರು, ಬೋರ್ಡ್ ನೋಡಿದ್ರು, ಒಂದು ಬಿಲ್ಲೇನ ಬೆರಳಲ್ಲಿ ಮೆಲ್ಲಗೆ ಜರುಗಿಸಿದ್ರು. "ನೀವು ಮೂಲೆಗೆ ಮೂಲೆ ಸೇರಿಸೇ ಜೋಡಿಸ್ತಿದ್ದೀರಿ ಅಮ್ಮಾ. ಗೋಡೇಲಿ ಇಟ್ಟಿಗೆ ಕೂರುತ್ತಲ್ಲ, ಹಂಗೆ ಒಂದರ ಮೂಲೆ ಇನ್ನೊಂದರ ಅಂಚಿನ ಮಧ್ಯಕ್ಕೆ ಬಂದ್ರೆ? ಅದನ್ನ ನೀವು ನೋಡೇ ಇಲ್ಲ. ತಪ್ಪಾಗಿದೆ."

ಎಲ್ಲರೂ ಅಯ್ಯೋ ಪಾಪ ಅಂತ ನನ್ನೇ ನೋಡ್ತಿದ್ದಾರೆ, ನಂಗೋ ಖುಷಿ ತಡೆಯೋಕಾಗ್ತಿಲ್ಲ. ತಪ್ಪು ಅಂದ್ರು ಕಣೆ. ತಪ್ಪು ಅನ್ನೋಕೆ ಪೂರ್ತಿ ನೋಡಿರ್ಬೇಕಲ್ಲ. ಅಷ್ಟು ವರ್ಷದಲ್ಲಿ ನನ್ನ ಲೆಕ್ಕದೊಳಗೆ ಕಾಲಿಟ್ಟ ಮೊದಲನೇ ಮನುಷ್ಯ ಅವ್ರು. ಅಗ್ರಹಾರದ ಮನೆಗೆ ಅಂತ ಬಸ್ ಹತ್ತಿ ಅದನ್ನೇ ಯೋಚಿಸ್ತಾ ಕೂತೆ, ಕಂಡಕ್ಟರ್ "ಯಾರ್ರೀ ಇಲವಾಲ" ಅಂತ ಕೂಗಿದಾಗ್ಲೇ ಗೊತ್ತಾಗಿದ್ದು, ನಾನು ಹತ್ತಿದ್ದು ಊರಾಚೆ ಹೋಗೋ ಹುಣಸೂರು ಬಸ್ಸು. ಇಳಿದು ಅಲ್ಲೇ ಅಂಗಡಿ ಜಗಲಿ ಮೇಲೆ ಬಿಲ್ಲೆ ಹರಡ್ಕೊಂಡು ಕೂತೆ. ಇಟ್ಟಿಗೆ ಥರ ಇಟ್ರೂ ಅದು ಕೂರಲ್ಲ ಅಂತ ತೋರ್ಸಿ ಆ ತಪ್ಪು ಸರಿಮಾಡೋಕೆ ಒಂದು ಮಳೆಗಾಲಾನೇ ಬೇಕಾಯ್ತು, ಮಾಡ್ದೆ. ಕಲ್ಕತ್ತಾಗೆ ಕಳ್ಸಿದೆ, ಅವ್ರೇ ಇನ್ನೊಂದ್ಸಲ ನೋಡಿ ಈಗ ಸರಿ ಅಂದ್ರು, ಅಚ್ಚೂ ಆಯ್ತು. ಹಾರ ತುರಾಯಿ ಏನೂ ಬರ್ಲಿಲ್ಲ, ಮೆಣಸಿನಕಾಯಿ ಘಾಟೂ ತಪ್ಪಲಿಲ್ಲ ಬುಡು. ಕೊಡಿಲ್ಲಿ ನಿನ್ನ ಚಿತ್ರಾನ, ನನ್ನ ಕನ್ನಡಕ ಎಲ್ಲಿ... ಅಲ್ವೇ, ಹಸೂಗೆ ಐದು ಕಾಲು ಯಾಕೇ? ಮುಖ ಊದಿಸ್ಕೋಬೇಡ. ಕೂತು ನೋಡಿ ತಪ್ಪು ಹೇಳೋರು ಸಿಗ್ಬೇಕಾದ್ರೂ ಪುಣ್ಯ ಮಾಡಿರ್ಬೇಕು ಕಣಮ್ಮ.